ಪೀರಪ್ಪನ ಎರೆಭೂತ

ನರೋಣಾದಲ್ಲಿ ಹಗೇವು ತೆಗೆಯಬೇಕೆಂದರೆ ಪೀರಪ್ಪನೇ ಬರಬೇಕು. ಹಗೇವೆಂದರೆ ನೆಲದೊಳಗೆ ಎರಡಾಳು ಆಳದ ಜೋಳದ ಗುಂಡಿ. ಬಾಯಿಗೆ ಚಪ್ಪಡಿ, ಚಪ್ಪಡಿಯ ಸುತ್ತ ಹಸಿಮಣ್ಣಿನ ಮೆತ್ತಿಗೆ. ತೆಗೆದ ಕೂಡಲೇ ಇಳಿದವನನ್ನು, ಜೋಳದ ಜೊತೆ ಮುಚ್ಚಿಕೊಂಡು ಕೆಟ್ಟ ಒಳಗಿನ ಗಾಳಿಯೇ ಕೊಂದುಬಿಡುತ್ತದೆ. ಪೀರಪ್ಪ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿತೋ, ಗೌಡರೇ ಬಂದು ಬೈದರೂ ಅವನು ಕಾಲಿಡುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಅವನ ಕೈಕೆಳಗೆ ಒಂದು ಜೀವವೂ ಹೋಗಿರಲಿಲ್ಲ.

ಇಷ್ಟು ಹುಷಾರಿಯ ಮನುಷ್ಯ ಮನೆಗೆ ಬಂದರೆ ಶುದ್ಧ ಹುಚ್ಚ! ಹಾಗೆನ್ನುತ್ತಿದ್ದವಳು ಅವನ ಹೆಂಡತಿ ಮಲ್ಕಮ್ಮ. ಅಂಗಳದ ತುಂಬ ಒಡೆದ ಗಡಿಗೆಗಳಲ್ಲಿ ಅಗ್ನಿಶಿಖೆ, ಮುಟ್ಟಿದರೆ ಮುನಿ, ಹೆಸರೇ ಗೊತ್ತಿಲ್ಲದ ಗಡ್ಡೆಗಳು. ಬೆನ್ನ ಮೇಲೆ ಹಳದಿ ಚುಕ್ಕಿ ಬರೆದಂತಿದ್ದ ಆಮೆಯೊಂದು ಒಲೆಯ ಮುಂದೆಯೇ ಓಡಾಡಿಕೊಂಡಿತ್ತು. "ಕುಡ್ಯಾ ನೀರು ಹೊತ್ತು ನನ್ನ ನಡಾ ಮುರದದ, ನಿನ್ನ ಕಸಕ್ಕೂ ನಾನೇ ಹೊರಬೇಕೇನು?" ಎಂದು ಬಯ್ಯುತ್ತಲೇ ಅವಳು ಗಿಡಗಳಿಗೆ ಎರಡು ಚೆಂಬು ಹೆಚ್ಚಿಗೆ ಹಾಕುತ್ತಿದ್ದಳು.

ಎಲ್ಲಕ್ಕಿಂತ ಮಿಗಿಲಾದದ್ದು ಅವನ ಹಕ್ಕಿ. ಕುರಿ ಹಿಂಡು ತುಳಿದುಹೋದ ಎರೆಹೊಲದಲ್ಲಿ ಒಂಟಿ ಮೊಟ್ಟೆ ಸಿಕ್ಕಿತ್ತು. ತಂದು ಮನೆಯ ಕೋಳಿಯ ಕೆಳಗಿಟ್ಟ. ಹುಟ್ಟಿದ್ದು ಎರೆಭೂತ, ಕರಿಮಣ್ಣಿನ ಬಯಲಲ್ಲಿ ಓಡಾಡುವ ಆ ದೊಡ್ಡ ಹಕ್ಕಿ! ಐದು ವರ್ಷದಲ್ಲಿ ಅವನ ಸೊಂಟ ಮೀರಿ ಬೆಳೆದು, ಬಿಳಿ ಕೊರಳೆತ್ತಿ ಕೇರಿಯಲ್ಲಿ ದೇಸಾಯಿಯ ಠೀವಿಯಲ್ಲಿ ನಡೆಯುತ್ತಿತ್ತು. ಮೋಡ ಕಟ್ಟಿತೆಂದರೆ ಗಂಟಲುಬ್ಬಿಸಿ ಗುಟುರು ಹಾಕುವುದು ಹೊಲದಾಚೆಗೂ ಕೇಳುತ್ತಿತ್ತು. ಮಕ್ಕಳಿಲ್ಲದ ಪೀರಪ್ಪ ಅದಕ್ಕೆ ಮಿಡತೆ ಹಿಡಿಯುತ್ತ ಹೊತ್ತು ಮರೆಯುತ್ತಿದ್ದ. ಆ ಸಂತೋಷ ಹೇಳಿಕೊಳ್ಳಲು ಮಾತ್ರ ಊರಲ್ಲಿ ಒಬ್ಬರೂ ಇರಲಿಲ್ಲ. ಕಂಡವರೆಲ್ಲ ಕೇಳುತ್ತಿದ್ದುದು ಒಂದೇ: "ಎಷ್ಟು ಸೇರು ಮಾಂಸ ಬರ್ತದಲೇ?"

ಮಹಾಯುದ್ಧ ಸುರುವಾದ ಮರುವರ್ಷದ ಮಳೆಗಾಲ. ಗೌಡ ಬಸವಂತರಾಯರ ವಾಡೆಯಿಂದ ಬೆಳಿಗ್ಗೆಯೇ ಸುದ್ದಿ ಬಂತು, ಹೊಸದಾಗಿ ಬಂದ ತಹಶೀಲ್ದಾರ ಜಹೀರುದ್ದೀನ ಸಾಹೇಬರು ಸಂಜೆಗೆ ಇಲ್ಲಿ ಮುಕ್ಕಾಂ ಮಾಡುತ್ತಾರೆಂದು. ಪೀರಪ್ಪ ಮೊದಲು ನೋಡಿದ್ದು ಹಕ್ಕಿಯ ಕಡೆಗೆ. ಹಿಂದಿನ ಸಾಹೇಬ ಬಂದಾಗ ಎರೆಯಲ್ಲಿದ್ದ ಜೋಡಿ ಎರೆಭೂತಗಳನ್ನು ಬಂದೂಕಿನಿಂದ ಹೊಡೆದು ಡೇರೆಯ ಮುಂದೆಯೇ ಬೇಯಿಸಿದ್ದ. ಬಿಟ್ಟಿ ಚಾಕರಿಗೆ ಹೋಗಿ ಅವುಗಳ ಪುಕ್ಕ ಕಿತ್ತವನು ಪೀರಪ್ಪನೇ.

"ಅಡವ್ಯಾಗ ಬಿಟ್ಟು ಬಾ" ಎಂದಳು ಮಲ್ಕಮ್ಮ.

"ಬಿಟ್ರ ಎಲ್ಲಿ ಹೋಗ್ತದ? ನನ್ನ ಹಿಂದೇ ಬರ್ತದ. ಒಮ್ಮಿ ಕೂಗಿತಂದ್ರ ಮುಗೀತು."

ಕೇರಿಯ ಹಿಂದೆ, ನೀರು ಜಿನುಗುತ್ತದೆಂದು ಗೌಡರು ಕೈಬಿಟ್ಟ ಹಳೇ ಹಗೇವೊಂದು ಬಾಯಿ ತೆರೆದುಕೊಂಡಿತ್ತು. ತಳದಲ್ಲಿ ಗೇಣುದ್ದ ಜೋಳ ಕೊಳೆತು ಅಂಟಿತ್ತು. ಕಂದೀಲು ಬಿಟ್ಟು ನೋಡಿದ, ಚೆನ್ನಾಗಿಯೇ ಉರಿಯಿತು. ಹುಲ್ಲು ಹಾಸಿ, ನೀರು, ಕಾಳು ಇಟ್ಟು, ಹಕ್ಕಿಯನ್ನು ಎದೆಗವಚಿಕೊಂಡು ಇಳಿಸಿದ. ಮೇಲೆ ಬಂದು ಚಪ್ಪಡಿ ಎಳೆದ. ಆಮೇಲೆ ಅವನ ಕೈ ಮೂವತ್ತು ವರ್ಷದಿಂದ ಮಾಡಿದ್ದನ್ನೇ ಮಾಡಿತು: ಹಸಿಮಣ್ಣು ಕಲಸಿ ಒಂದು ಸಂದೂ ಬಿಡದೆ ಮೆತ್ತಿತು. ಕೂಗು ಹೊರಗೆ ಬರಬಾರದು, ಅವನ ತಲೆಯಲ್ಲಿದ್ದುದು ಅಷ್ಟೇ.

ಮೇಲಿನ ಊರುಗಳಲ್ಲಿ ಮಳೆಯಾಗಿ ಹಳ್ಳ ತುಂಬಿದ್ದರಿಂದ ಸಂಜೆಗೆ ಬರಬೇಕಾದ ಸಾಹೇಬರು ಆಚೆಯೇ ಉಳಿದರು. ಈಗ ಬಂದಾರು, ಆಗ ಬಂದಾರು ಎಂದು ವಾಡೆಯವರು ಪೀರಪ್ಪನನ್ನು ಅಲ್ಲಿಂದ ಅಲುಗಾಡಗೊಡಲಿಲ್ಲ. ಮರುದಿನ ಮಧ್ಯಾಹ್ನ ಬಂದಿಳಿದವರ ಹತ್ತಿರ ಬಂದೂಕೇ ಇರಲಿಲ್ಲ. ಬಗಲಲ್ಲಿ ಬಿಳಿ ಹಾಳೆಯ ದಪ್ಪ ಪುಸ್ತಕ, ಕೈಯಲ್ಲಿ ಬಣ್ಣದ ಪೆಟ್ಟಿಗೆ. ಪೀರಪ್ಪನ ಗಿಡಗಳ ಸುದ್ದಿಯನ್ನು ಹಳ್ಳದಾಚೆಯೇ ಕೇಳಿದ್ದರಂತೆ; ಚಹಾ ಕೂಡ ಕುಡಿಯದೆ ಅವನನ್ನು ಕರೆದುಕೊಂಡು ನೆಟ್ಟಗೆ ಅವನ ಅಂಗಳಕ್ಕೇ ಬಂದರು.

ಅಗ್ನಿಶಿಖೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ವಾಹ್! ಎಲಿ ತುದೀನೇ ಬೆರಳಾಗಿ ಕೋಲು ಹಿಡದದ, ನೋಡೀ ಏನು ಪೀರಪ್ಪ?" ಎಂದು ಕೇಳಿದರು.

ಅದನ್ನು ನೋಡಿದವನು ಲೋಕದಲ್ಲಿ ತಾನೊಬ್ಬನೇ ಎಂದುಕೊಂಡಿದ್ದ ಪೀರಪ್ಪ. "ಹೌದ್ರಿ ಸರಕಾರ, ನೋಡೇನ್ರಿ!" ಎಂದ. ಆಮೆ ತಂದು ತೋರಿಸಿದ. ಸಾಹೇಬರು ಮಣ್ಣಲ್ಲೇ ಕೂತು ಅದರ ಚಿತ್ರ ಬರೆದರು. ಯಾವ ಗಡ್ಡೆ ಎಲ್ಲಿ ಸಿಕ್ಕಿತು, ಯಾವುದು ಯಾವ ಮಳೆಗೆ ಚಿಗುರುತ್ತದೆ ಎಂದು ಪೀರಪ್ಪ ಹೇಳಿದ್ದೇ ಹೇಳಿದ್ದು.

"ಎರೆಭೂತ ಸಾಕೀಯಂತ. ನಾ ಹೊಡಿಯಾವ ಅಲ್ಲ. ಒಮ್ಮಿ ಹತ್ತಿರದಿಂದ ನೋಡ್ಬೇಕಂತ ಬಂದೇನಿ. ತೋರಸ್ತೀ?"

"ತೋರಸ್ತೇನಿ ಬರ್ರಿ!" ಎಂದು ಪೀರಪ್ಪ ಓಡಿದ.

ಮಣ್ಣು ಒಣಗಿ ಗಟ್ಟಿಯಾಗಿತ್ತು. ಗುದ್ದಲಿಯಿಂದ ಕೆತ್ತಿ ಚಪ್ಪಡಿ ಸರಿಸಿದಾಗ ಹುಳಿತ ವಾಸನೆ ಮುಖಕ್ಕೆ ಹೊಡೆಯಿತು. ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಕಂದೀಲು ಬಿಟ್ಟ, ಅರ್ಧಕ್ಕೇ ಆರಿತು. ಆದರೂ ಇಳಿಯಲು ಹೋದವನನ್ನು ಮಲ್ಕಮ್ಮ ರಟ್ಟೆ ಹಿಡಿದು ಎಳೆದಳು. "ನಿನ್ನ ಕಾಲಿಗಿ ಬೀಳ್ತೇನಿ, ಇಳೀಬ್ಯಾಡ!" ಎರಡು ತಾಸು ಅಲ್ಲೇ ಕೂತರು. ಇಳಿಬಿಟ್ಟ ದೀಪ ಆರದೆ ಉರಿದ ಮೇಲೆ ಇಳಿದು, ಹಕ್ಕಿಯನ್ನು ತಂದು ಅಂಗಳದಲ್ಲಿ ಮಲಗಿಸಿದ.

ಸಾಹೇಬರು ಹಕ್ಕಿಯ ಪಕ್ಕದಲ್ಲಿ ಕೂತರು. ಪುಸ್ತಕ ತೆರೆದು, ಕಣ್ಣಿನ ಬಣ್ಣ ಯಾವುದಿತ್ತೆಂದು ಮೆಲ್ಲಗೆ ಕೇಳಿದರು.

"ಹಳದಿ ರೀ. ಬಿಸಿಲಿಗಿ ನಿಂತ್ರ ಜೇನಿನ ಬಣ್ಣ."

ಕೊರಳು ಎತ್ತುತ್ತಿದ್ದ ರೀತಿ, ಹೆಜ್ಜೆ ಇಡುತ್ತಿದ್ದ ರೀತಿ ಎಲ್ಲ ಹೇಳಿದ. ಸಾಹೇಬರು ಬರೆಯುತ್ತ ಹೋದರು. ಇದ್ದಕ್ಕಿದ್ದಂತೆ ಅವರ ಮುಖ ಕೆಂಪಾಯಿತು.

"ಯಾವ ಹರಾಮಖೋರ ಇದನ್ನ ಒಳಗ ಮುಚ್ಚಿದಾಂವ?"

"ನಾನೇ ರೀ," ಎಂದ ಪೀರಪ್ಪ. "ನಿಮಗ ಅಂಜಿ."