ಎರಡಿಂಚಿನ ಎಂಜಿನ್

ನಮ್ಮ ಸೀಮೆಯಲ್ಲಿ ಎಂಜಿನ್ ಎಂದರೆ ನೀರೆತ್ತುವ ವಸ್ತು. ಅದು ಬೇರೇನಾದರೂ ಮಾಡೀತು ಎಂದರೆ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಯಾವ ಅಂಗಡಿಯವರೂ ಒಪ್ಪುವುದಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಾನು, ದೊಡ್ಡಪ್ಪನ ಜೊತೆ ಎರಡು ತಿಂಗಳು ಆ ಅಂಗಡಿಗಳನ್ನೆಲ್ಲ ಹತ್ತಿಳಿದಿದ್ದೇನೆ. ನಾವು ಹುಡುಕುತ್ತಿದ್ದುದು ದೋಣಿಗೆ ಎಂಜಿನ್.

ದೊಡ್ಡಪ್ಪ ಮಂಗಳೂರಿನ ಬಂದರಿನಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾದಾಗ ಹಳೆಯ ದೋಣಿಯೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದವರು. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ಅದು ಆರು ವರ್ಷ ಹುಲ್ಲಿನ ಮೆದೆಯ ಪಕ್ಕದಲ್ಲಿ ಕೋಳಿಗಳಿಗೆ ಆಸರೆಯಾಗಿತ್ತು. ಆ ವರ್ಷ ಕೆರೆ ತುಂಬಿ ಕೋಡಿ ಹರಿಯಿತು. ದೊಡ್ಡಮ್ಮನ ತವರು ಕೆರೆಯ ಆಚೆ ದಡದಲ್ಲಿ. "ನೀರಿರುವಾಗಲೇ ನಿನ್ನನ್ನ ದೋಣೀಲಿ ಕರ್ಕೊಂಡು ಹೋಗ್ತೀನಿ" ಎಂದು ದೊಡ್ಡಪ್ಪ ಮಾತು ಕೊಟ್ಟರು. ದೊಡ್ಡಮ್ಮ ಅದನ್ನು ಊರಿಗೆಲ್ಲ ಹೇಳಿ ಬಂದರು. ಆಮೇಲೆ ನೋಡಿದರೆ ದೋಣಿಯ ಎಂಜಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹುಟ್ಟು ಹಾಕಬಹುದಿತ್ತಲ್ಲ ಎನ್ನಬೇಡಿ. ಆ ಭಾರಕ್ಕೆ ದೊಡ್ಡಪ್ಪನ ಭುಜ ಒಪ್ಪಲಿಲ್ಲ.

"ಬೋರ್ ಎಷ್ಟಡಿ ಸಾರ್?" ಎಂದರು ಚಿಂತಾಮಣಿಯ ಅಂಗಡಿಯವರು.

"ಬೋರಲ್ಲಪ್ಪ, ದೋಣಿ."

"ಆಗ್ಲಿ ಸಾರ್. ದೋಣಿಗೆ ಎಷ್ಟಿಂಚು ನೀರು ಬರ್ಬೇಕು?"

"ದೋಣಿಯೊಳಕ್ಕೆ ನೀರು ಬರಲೇಬಾರದು!" ಎಂದು ದೊಡ್ಡಪ್ಪ ಎದ್ದು ಬಂದರು.

ಮಂಗಳೂರಿಗೆ ಪತ್ರ ಬರೆಯುವ ಕೆಲಸ ನನ್ನದಾಯಿತು. ಉತ್ತರ ಬರಲಿಲ್ಲ. ಅಷ್ಟರಲ್ಲಿ ಗದ್ದೆಗಳಿಗೆ ನೀರು ಬಿಟ್ಟರು. ತೂಬಿನ ಮೆಟ್ಟಿಲುಗಳು ಒಂದೊಂದಾಗಿ ನೀರಿನಿಂದ ಮೇಲೆ ಕಾಣತೊಡಗಿದವು. ದೊಡ್ಡಮ್ಮ ದಿನಾ ಹೋಗಿ ಎಣಿಸಿ ಬರುತ್ತಿದ್ದರು.

ಕೊನೆಗೆ ಶಿಡ್ಲಘಟ್ಟದಿಂದ ಡೀಸೆಲ್ ಎಂಜಿನ್ ರಿಪೇರಿಯ ಬಷೀರ್ ಸಾಬರು ಬಂದು ದೋಣಿಯನ್ನು ಸುತ್ತು ಹಾಕಿದರು. "ಇದು ಮುಂದಕ್ಕೆ ಹೋಗ್ಬೇಕು, ಅಷ್ಟೇ ತಾನೆ ಸಾರ್? ಎರಡಿಂಚು ಪೈಪಿನ ಪಂಪ್‌ಸೆಟ್ ಕೂರಿಸಿ ನೀರು ಹಿಂದಕ್ಕೆ ಬಿಟ್ರಾಯ್ತು."

ಕ್ರಿಯೆಗೆ ಪ್ರತಿಕ್ರಿಯೆ ಎಂಬುದನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆನೋ. ಎರಡು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಆ ಮುಜುಗರಕ್ಕೋ ಏನೋ, ಕಾಗದದ ಮೇಲೆ ಲೆಕ್ಕ ಹಾಕಿ, ಇದು ನಡೆಯುವವರಿಗಿಂತ ನಿಧಾನ ಹೋಗುತ್ತದೆ ಎಂದು ತೋರಿಸಿದೆ.

"ನಿಧಾನ ಅಂದ್ರಿ ಅಮ್ಮಾ, ಹೋಗಲ್ಲ ಅನ್ಲಿಲ್ವಲ್ಲ?" ಎಂದು ಸಾಬರು ನನ್ನತ್ತ ನಕ್ಕು ಸ್ಪ್ಯಾನರ್ ತೆಗೆದರು.

ಹೊರಡುವ ದಿನ ಎಂಜಿನ್ ಚಾಲೂ ಆಯಿತು, ಪಂಪು ಮಾತ್ರ ನೀರೆಳೆಯಲಿಲ್ಲ. ಪೈಪಿನ ಸಂದಿಯಲ್ಲೆಲ್ಲೋ ಗಾಳಿ ನುಸುಳುತ್ತಿತ್ತು. ರೇಷ್ಮೆ ಸೀರೆಯುಟ್ಟು ಕೂತಿದ್ದ ದೊಡ್ಡಮ್ಮ ಸೀಟಿನ ಕೆಳಗಿಂದ ಒಂದು ಡಬ್ಬ ತೆಗೆದರು. ಸಗಣಿ ನೀರು. ತೋಟದ ಪಂಪಿಗೆ ಎಲ್ಲರೂ ಸುರಿಯುವಂಥದ್ದೇ; ಸಂದಿ ಮುಚ್ಚಿಕೊಳ್ಳುತ್ತದೆ.

"ಬಂದರಿನಲ್ಲಿ ಯಾವ ಹಡಗಿಗೂ ಸಗಣಿ ಹಾಕಿದ್ದು ನಾನು ಕಾಣೆ" ಎಂದರು ದೊಡ್ಡಪ್ಪ.

"ನೀವು ಹೊರಡ್ಬೇಕೋ ಬೇಡ್ವೋ, ಅಷ್ಟು ಹೇಳ್ರಿ."

ಸುರಿದರು. ಪಂಪು ಒಮ್ಮೆ ಕೆಮ್ಮಿ, ಹಿಂದಕ್ಕೆ ನೀರುಗುಳಿತು. ದೋಣಿ ಹೊರಟಿತು. ಅರ್ಧ ದಾರಿಯಲ್ಲಿ ಎರಡು ಎಮ್ಮೆಗಳು ಈಜುತ್ತಾ ನಮ್ಮನ್ನು ದಾಟಿ ಹೋದವು. ನನ್ನ ಲೆಕ್ಕ ಸರಿಯಾಗಿತ್ತು, ಆದರೆ ಅದನ್ನು ಕೇಳುವವರಿರಲಿಲ್ಲ. ದೊಡ್ಡಮ್ಮ ಸೆರಗು ಹೊದ್ದು, ನೆಟ್ಟಗೆ ಕೂತು, ಎದುರಿನ ದಡವನ್ನೇ ನೋಡುತ್ತಿದ್ದರು.

ದಡದಲ್ಲಿ ಕಾದಿದ್ದ ಅವರ ತಮ್ಮ ದೋಣಿಯ ಕಡೆ ನೋಡಲೇ ಇಲ್ಲ, ಕಣ್ಣೆಲ್ಲ ಪಂಪು ಉಗುಳುತ್ತಿದ್ದ ನೀರಿನ ಮೇಲೆ. "ಎಷ್ಟಿಂಚು ಬರ್ತದಕ್ಕಾ?"

"ಎರಡಿಂಚು ಕಣೋ!" ಎಂದರು ದೊಡ್ಡಮ್ಮ, ಹೆಮ್ಮೆಯಿಂದ.

"ಎಂಜಿನ್ ಒಂದು ವಾರ ಇಲ್ಲೇ ಇರ್ಲಿ ಬಾವ. ಹಿಪ್ಪುನೇರಳೆ ತೋಟಕ್ಕೆ ಒಂದು ನೀರು ಕಟ್ಕೋತೀನಿ."

ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಒಪ್ಪಿಯಾಗಿತ್ತು.

ಸಂಜೆ ಬಸ್ಸಿನಲ್ಲಿ ಹಿಂತಿರುಗುವಾಗ ದೊಡ್ಡಪ್ಪ ಗೊಣಗಿದರು: "ಒಂದು ಎಂಜಿನ್ ಹುಡುಕೋಕೆ ಎರಡು ತಿಂಗಳು ಹಿಡೀತು."

"ನಿಮಗೆ ಎರಡು ತಿಂಗಳು" ಎಂದರು ದೊಡ್ಡಮ್ಮ, ಖಾಲಿ ಡಬ್ಬವನ್ನು ಮಡಿಲಲ್ಲಿ ಸರಿಮಾಡಿಕೊಳ್ಳುತ್ತಾ. "ನನ್ನ ತಮ್ಮಂಗೆ ನೋಡಿ, ದಡಕ್ಕೇ ಬಂತು."