ತುಕ್ಕು ಹತ್ತಲು ಬಿಡದ ದಮಯಂತಿ

ಬೆಳಗಿನ ಆರೂವರೆ. ಮುಂಬಯಿ ಬಳಿಯ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಸಣ್ಣ ರಬ್ಬರ್ ಕಾರ್ಖಾನೆಯಲ್ಲಿ, ಅಚ್ಚುಗಳನ್ನು ಬಿಸಿಯಲ್ಲಿ ಒತ್ತುವ ಪ್ರೆಸ್‌ಗಳು ಇನ್ನೂ ಕಾದಿಲ್ಲ. ಹಿಂಬದಿಯ ಮೇಜಿನ ಮೇಲೆ ಉಕ್ಕಿನ ಅಚ್ಚೊಂದು ಎರಡು ಹೋಳಾಗಿ ಬಿಚ್ಚಿಕೊಂಡಿದೆ. ದಮಯಂತಿ ಅದರ ಒಂದೊಂದು ಗುಳಿಯನ್ನೂ ಹಿತ್ತಾಳೆಯ ಬ್ರಷ್‌ನಿಂದ ತಿಕ್ಕಿ, ಒರೆಸಿ, ಬೆರಳ ತುದಿಯಲ್ಲಿ ಎಣ್ಣೆ ಸವರುತ್ತಿದ್ದಾರೆ.

"ಕಬ್ಬಿಣದ ಬ್ರಷ್ ಆಗುದಿಲ್ಲ, ಗೀರು ಬೀಳ್ತದೆ. ಅಚ್ಚಿಗೆ ಒಂದು ಗೀರು ಬಿದ್ರೆ ಸಾವಿರ ಬುಶ್‌ಗೂ ಅದೇ ಗೀರು" ಎನ್ನುತ್ತಾರೆ, ತಲೆ ಎತ್ತದೆ.

ಬುಶ್ ಎಂದರೆ, ಕಾರು ಗುಂಡಿಗೆ ಬಿದ್ದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ನಡುವೆ ಕೂರುವ ರಬ್ಬರ್ ತುಂಡು. ಅದನ್ನು ಎರೆಯುವ ಅರುವತ್ತಮೂರು ಅಚ್ಚುಗಳು ಇಲ್ಲಿವೆ. ದಿನಕ್ಕೆ ಆರರಂತೆ, ಪ್ರತಿಯೊಂದೂ ಹತ್ತು-ಹನ್ನೊಂದು ದಿನಕ್ಕೊಮ್ಮೆ ಐವತ್ತೆರಡರ ಈ ಹೆಂಗಸಿನ ಕೈಗೆ ಬರುತ್ತದೆ.

ಪಡುಬಿದ್ರಿಯಿಂದ ಮದುವೆಯಾಗಿ ಬಂದವರು ದಮಯಂತಿ. ಮನೆ ದಿವಾದಲ್ಲಿ, ಒಂದೇ ಕೋಣೆ. ಮುಂಬಯಿ ಕಡೆಯ ಲೋಕಲ್‌ನಲ್ಲಿ ಜನ ಬಾಗಿಲಿಗೆ ಜೋತಾಡುವ ಹೊತ್ತಿಗೆ ಎದುರು ದಿಕ್ಕಿನ ಗಾಡಿಯಲ್ಲಿ ಇವರಿಗೆ ಕೂರಲು ಸೀಟು ಸಿಗುತ್ತದೆ. "ಅದೊಂದೇ ನನ್ನ ಐಷಾರಾಮ" ಎಂದು ನಗುತ್ತಾರೆ. ಗಂಡ ಮುರಾರಿ ಕಲ್ಯಾಣದ ಹೋಟೆಲೊಂದರಲ್ಲಿ ಅಡುಗೆ ಭಟ್ಟರ ಕೈಕೆಳಗಿದ್ದಾರೆ. ಕೊರೊನಾ ಕಾಲದಲ್ಲಿ ಹೋಟೆಲು ಏಳು ತಿಂಗಳು ಬಾಗಿಲು ಹಾಕಿದಾಗ ಮನೆ ನಡೆದದ್ದು ಈ ಎಣ್ಣೆಗೈಯಿಂದಲೇ.

ಸೇರಿದ್ದು ಪ್ಯಾಕಿಂಗಿಗೆ. ಅಚ್ಚು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ, ತುಕ್ಕು ಹಿಡಿಯುವುದನ್ನು ನೋಡಲಾರದೆ ಇವರೇ ಬಟ್ಟೆ ಹಿಡಿದು ನಿಂತರು. ಓಡುವ ಅಚ್ಚುಗಳ ಜೊತೆಗೆ, ತಯಾರಿಕೆ ನಿಂತುಹೋದ ಕಾರುಗಳ ಅಚ್ಚುಗಳನ್ನೂ ಒರೆಸಿದರು. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ನಿಶ್ಮಿತಾ ಮರಾಠಿಯಲ್ಲೇ ಛೇಡಿಸುವುದುಂಟು: "ಆಯೀ, ಲೋಖಂಡಾಲಾ ರೋಜ್ ಕಾಯ್ ತೇಲ್ ಲಾವ್ತೇಸ್?" ಕಬ್ಬಿಣಕ್ಕೆ ದಿನಾ ಎಂತದ್ದಮ್ಮ ಎಣ್ಣೆ?

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಳೆದ ವರ್ಷ. ಕಾರುಗಳ ಮಾರಾಟ ಕುಸಿಯಿತು. ದಿನಕ್ಕೆ ಹನ್ನೆರಡು ಸಾವಿರ ಬುಶ್ ಕೇಳುತ್ತಿದ್ದ ಕಾರು ಕಂಪನಿ ನಾಲ್ಕು ಸಾವಿರಕ್ಕೆ ಇಳಿಯಿತು. ಎರಡನೆಯ ಪಾಳಿ ನಿಂತಿತು. ಇಬ್ಬರು ತಾವಾಗಿ ಬಿಟ್ಟುಹೋದರು, ಉಳಿದ ಇಪ್ಪತ್ನಾಲ್ಕು ಮಂದಿ ದಿನಾ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ತಮ್ಮ ಹೆಸರು ಬಿದ್ದಿದೆಯೇ ಎಂದು ಹುಡುಕತೊಡಗಿದರು. ಕಾರ್ಖಾನೆಯ ಮಾಲೀಕ, ಉಡುಪಿಯ ಹೋಟೆಲ್ ಮನೆತನದ ಯಜ್ಞೇಶ್ವರ, ಹಳೆಯ ಅಚ್ಚುಗಳನ್ನು ತೂಕಕ್ಕೆ ಹಾಕಲು ಉಲ್ಹಾಸನಗರದ ಗುಜರಿಯವನನ್ನು ಕರೆಸಿದರು. ಅಚ್ಚುಗಳು ಅಸಲಿಗೆ ಕಾರು ಕಂಪನಿಯವು; ಹಳೆಯವನ್ನು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಅಲ್ಲಿಂದ ಎಂದೋ ಪತ್ರ ಬಂದಿತ್ತು. ಮೊದಲ ಟೆಂಪೊದಲ್ಲಿ ಒಂಬತ್ತು ಅಚ್ಚು ಹೋದವು.

"ಊರಲ್ಲಿ ಬಂಗಾರ ಅಂದ್ರೆ ಚಿನ್ನ, ಇಲ್ಲಿ ಭಂಗಾರ್ ಅಂದ್ರೆ ಗುಜರಿ. ಆ ದಿನ ಊಟ ಸೇರ್ಲಿಲ್ಲ ಮಾರಾಯ್ರೆ" ಎನ್ನುತ್ತಾರೆ ದಮಯಂತಿ.

ಅದೇ ವಾರ ದಿವಾದಲ್ಲಿ ಅವರ ಪಕ್ಕದ ಕೋಣೆಯ ಟ್ಯಾಕ್ಸಿ ಚಾಲಕ, ವಿಜಯಪುರ ಕಡೆಯ ಯಂಕಪ್ಪ, ಮನೆ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದರು. "ನಾಕ ದಿನ ಆತ್ರೀ ಅಕ್ಕಾರ, ಗಾಡಿ ನಿಂತಽದ. ಬುಶ್ ಎಲ್ಲೂ ಸಿಗವಲ್ದು. ಹೊಸಾದ್ ತಗೊಳ್ಳೂ ತಾಕತ್ತಿಲ್ಲ, ಇದನ್ನಽ ಎಳೀಬೇಕು" ಎಂದರು. ಯಾವ ಗಾಡಿ ಎಂದು ದಮಯಂತಿ ಕೇಳಿದರು. ಹೆಸರು ಕೇಳಿದೊಡನೆ ಅಚ್ಚು ಕಣ್ಣ ಮುಂದೆ ಬಂತು: ಮೂರನೆಯ ರ‍್ಯಾಕ್, ಕೆಳಗಿನ ಸಾಲು.

ಮರುದಿನ ಯಜ್ಞೇಶ್ವರರ ಟೇಬಲ್ಲಿನ ಮುಂದೆ ನಿಂತರು. ಇಷ್ಟು ವರ್ಷದಲ್ಲಿ ತಾವಾಗಿ ಆ ಕೋಣೆಗೆ ಹೋದದ್ದು ಅದೇ ಮೊದಲು.

"ಧನಿ, ಟೆಂಪೊ ಬರುದು ಬೇಡ. ಹೊಸ ಕಾರು ತಗೊಳ್ಳದವರು ಹಳತನ್ನೇ ಓಡಿಸ್ತಾರಲ್ಲ? ಅವರಿಗೆ ಬುಶ್ ಬೇಕು. ಒಂದು ಮಾಡಿ ನೋಡುವ."

"ದಮಯಂತಿಯಕ್ಕ, ಎಂಟು ವರ್ಷ ಪ್ರೆಸ್ಸಿಗೆ ಹತ್ತದ ಅಚ್ಚದು. ತುಕ್ಕು ತಿಂದಿರ್ತದೆ."

"ಬಂದು ನೋಡಿ ಧನಿ."

ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಬಿಚ್ಚಿದಾಗ ಅಚ್ಚು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಯಜ್ಞೇಶ್ವರ ಇನ್ನೊಂದನ್ನು ಬಿಚ್ಚಿಸಿದರು, ಮತ್ತೊಂದನ್ನು. ಆಮೇಲೆ ಉಲ್ಹಾಸನಗರಕ್ಕೆ ಫೋನ್ ಮಾಡಿ ಟೆಂಪೊ ಬೇಡವೆಂದರು.

ಆ ಸಂಜೆ ಪ್ರೆಸ್ಸಿನಿಂದ ಹೊರಬಂದ ಮೊದಲ ಜೋಡಿ ಬುಶ್ ಯಂಕಪ್ಪನವರ ಗಾಡಿಗೆ ಹೋಯಿತು. ಅವರಿಂದ ದಿವಾದ ಗ್ಯಾರೇಜಿಗೆ ಸುದ್ದಿ ಮುಟ್ಟಿತು, ಅಲ್ಲಿಂದ ಕಲ್ಯಾಣ, ಠಾಣೆ, ಘಣಸೋಲಿಯ ಬಿಡಿಭಾಗದ ಅಂಗಡಿಗಳಿಗೆ. ಇನ್ನೂರು, ಐನೂರು ಎಂದು ಚಿಕ್ಕ ಚಿಕ್ಕ ಆರ್ಡರುಗಳು ಬರುತ್ತವೆ. ಕಂಪನಿಯ ಹನ್ನೆರಡು ಸಾವಿರ ಮರಳಿಲ್ಲ, ಎರಡನೆಯ ಪಾಳಿಯೂ ಇಲ್ಲ. ಆದರೆ ಇಪ್ಪತ್ನಾಲ್ಕು ಮಂದಿಯೂ ಕೆಲಸದಲ್ಲಿದ್ದಾರೆ. "ಎಂಜಿನಿಯರಿಂಗ್ ಓದಿದವ ನಾನು. ಲೆಕ್ಕ ಹಾಕಿದ್ದು ಅವರು" ಎನ್ನುತ್ತಾರೆ ಯಜ್ಞೇಶ್ವರ.

ಹೋದ ಒಂಬತ್ತು ಅಚ್ಚುಗಳ ನಂಬರನ್ನು ದಮಯಂತಿ ಈಗಲೂ ಬಾಯಿಪಾಠ ಹೇಳುತ್ತಾರೆ. ಅವುಗಳ ಬುಶ್ ಕೇಳಿಕೊಂಡು ಯಾರಾದರೂ ಬಂದರೆ ಮುಖ ಸಣ್ಣದಾಗುತ್ತದೆ.

ಏನಾದರೂ ಆಸೆ ಉಂಟೇ ಎಂದರೆ ಕೈ ಒರೆಸಿಕೊಂಡು ಮೇಲೆ ನೋಡುತ್ತಾರೆ. "ರ‍್ಯಾಕಿನ ಮೇಲೆ ಮಾಡಿನ ಆ ಒಂದು ತಗಡಿನ ಪತ್ರಾ ತೂತಾಗಿದೆ. ಜೂನ್ ಬರುವ ಮೊದ್ಲು ಬದಲಿಸಿದ್ರೆ ಸಾಕು. ನನ್ನ ತಲೆ ಮೇಲೆ ನೀರು ಬಿದ್ರೆ ಒರೆಸಿಕೊಳ್ತೇನೆ. ಅವುಗಳ ಮೇಲೆ ಬೀಳ್ಬಾರ್ದು."