ನಾನೇ ಟಿಕೆಟ್ ಕೊಂಡು ಕಳಸಕ್ಕೆ ಹೋದ ದಿನ

ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ದಾರಿಯಲ್ಲಿ ನಾನು ಹದಿನಾರು ವರ್ಷ ಖಾಸಗಿ ಬಸ್ಸು ಓಡಿಸಿದ್ದೆ. ಅದೇ ದಾರಿಯಲ್ಲಿ ಪ್ರಯಾಣಿಕನಾಗಿ ಹೋದದ್ದು ಒಂದೇ ಸಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ; ಆಗಸ್ಟ್ ಕೊನೆಯ ಒಂದು ಗುರುವಾರ. ಬೆಳಿಗ್ಗೆ ಆರೂವರೆಗೆ ನಮ್ಮದೇ ಬಸ್ಸು ಹತ್ತಿ, ಡ್ರೈವರ್ ಪಕ್ಕದ ಉದ್ದ ಸೀಟಿನಲ್ಲಿ ಕುಳಿತೆ.

ಬಸ್ಸಿನ ಮಾಲೀಕರಾದ ನಾಗೇಶಗೌಡರು ಕಳಸದಲ್ಲಿದ್ದರು. ಸೋಮವಾರದಿಂದ ಬಸ್ಸು ಓಡಿಸುತ್ತೀಯೋ ಇಲ್ಲವೋ ಬಂದು ಹೇಳು, ಆಗದಿದ್ದರೆ ಬುಕಿಂಗ್ ಆಫೀಸಿನಲ್ಲಿ ಕೂತುಕೋ ಎಂದು ಹೇಳಿ ಕಳಿಸಿದ್ದರು. ಜೂನ್ ತಿಂಗಳಿಂದ ನಾನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಮನೆಯಿಂದ ಹೊರಟಾಗಲೂ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ನನ್ನ ಜಾಗದಲ್ಲಿ ಈಗ ಕಡೂರು ಕಡೆಯ ಬಸಣ್ಣ ಓಡಿಸುತ್ತಿದ್ದ. ಬಯಲುಸೀಮೆಯಲ್ಲಿ ಲಾರಿ ಓಡಿಸಿದ ಮನುಷ್ಯ. ಕಂಡಕ್ಟರ್ ಶೇಷಪ್ಪನೂ ಹೊಸಬ, ಆದರೆ ವಯಸ್ಸು ಐವತ್ತರ ಹತ್ತಿರ. ಬಂದವನೇ ನನ್ನ ಮುಂದೆ ನಿಂತ.

"ಕಳಸಕ್ಕೆ ಇಪ್ಪತ್ತೆಂಟು ರೂಪಾಯಿ, ಅಣ್ಣ."

"ನಾನು ಸ್ಟಾಫ್ ಮಾರಾಯ. ಮಂಜಯ್ಯ."

"ಗೊತ್ತು. ಆದ್ರೆ ಇವತ್ತು ಡ್ಯೂಟೀಲಿ ಇಲ್ವಲ್ಲ."

ಬಸಣ್ಣ ಕನ್ನಡಿಯಲ್ಲಿ ನೋಡಿ ನಕ್ಕ. ನಾನು ದುಡ್ಡು ಕೊಟ್ಟೆ.

ಮೂಡಿಗೆರೆಯವರೆಗೆ ಮೂವತ್ತು ಕಿಲೋಮೀಟರ್. ಮಳೆ ಇರಲಿಲ್ಲ, ತೋಟಗಳ ಮೇಲೆ ಮಂಜು ಮಾತ್ರ ಕೂತಿತ್ತು. ಮೂಡಿಗೆರೆಯಲ್ಲಿ ಪೇಪರ್ ಕಟ್ಟುಗಳನ್ನೂ ಯಾರದೋ ಮಿಕ್ಸಿಯನ್ನೂ ಹತ್ತಿಸಿದರು. ಕೊಟ್ಟಿಗೆಹಾರದಲ್ಲಿ ಹದಿನೈದು ನಿಮಿಷ ತಿಂಡಿಗೆ ನಿಂತಿತು. ನೀರುದೋಸೆ, ಕಾಯಿಚಟ್ನಿ. ಡ್ರೈವರ್ ಆಗಿದ್ದಾಗ ಹೋಟೆಲಿನವರು ನನ್ನನ್ನು ಒಳಗೆ ಕೂರಿಸಿ ಬಡಿಸುತ್ತಿದ್ದರು. ಆ ದಿನ ಎಲ್ಲರ ಜೊತೆ ಸಾಲಿನಲ್ಲಿ ನಿಂತು ತಟ್ಟೆ ತೆಗೆದುಕೊಂಡೆ. ದೋಸೆ ಬಿಸಿಯಾಗಿಯೇ ಇತ್ತು.

ಅಲ್ಲಿ ಒಬ್ಬ ಹೆಂಗಸು ನನ್ನನ್ನು ಗುರುತು ಹಿಡಿದಳು. ಜಾವಳಿ ಕಡೆಯ ಎಸ್ಟೇಟಿನಲ್ಲಿ ಕೆಲಸ ಮಾಡುವ ಸುಶೀಲ.

"ಏನ್ ಡ್ರೈವರಣ್ಣ, ಅವತ್ತು ನಿಮ್ ಬಸ್ಸಲ್ಲೇ ಇದ್ನಲ್ಲ ನಾನು! ಎಲ್ರೂ ಇಳಿದ್ವಿ, ನನ್ ಕೋಳಿ ಇಳೀಲಿಲ್ಲ. ಅದ್ನ ತರಕ್ಕೆ ಮತ್ತೆ ಹತ್ತಕ್ ಹೋದ್ರೆ ಎಂಥಾ ಬೈಗುಳ ಬೈದ್ರಿ!"

"ಬೈದ್ನಾ?"

"ಬೈದ್ರಿ. ಕಾಲು ಮಾತ್ರ ಬ್ರೇಕಿಂದ ತೆಗೀಲಿಲ್ಲ. ಯಾವಾಗ ಬರ್ತೀರಿ ಮತ್ತೆ?"

ಉತ್ತರ ಹೇಳುವಷ್ಟರಲ್ಲಿ ಶೇಷಪ್ಪ ಸೀಟಿ ಊದಿದ.

ಜೂನ್‌ನಲ್ಲಿ ನಡೆದದ್ದು ಇಷ್ಟು. ಘಾಟಿಯಲ್ಲಿ ಇಳಿಯುವ ಗಾಡಿ ಹಿಂದೆ ಸರಿದು, ಏರಿ ಬರುವ ಗಾಡಿಗೆ ದಾರಿ ಬಿಡಬೇಕು. ಜಾವಳಿಗೆ ಮುಂಚಿನ ಒಂದು ತಿರುವಿನಲ್ಲಿ ಲೋಡಾದ ಲಾರಿ ಎದುರಾಯಿತು. ನನ್ನ ಆಗಿನ ಕಂಡಕ್ಟರ್ "ಇಳೀಲಾ?" ಎಂದು ಕೇಳಿದ. "ಬೇಡ, ನಂಗೊತ್ತು" ಎಂದು ಬಸ್ಸನ್ನು ಹಿಂದಕ್ಕೆ ಬಿಟ್ಟೆ. ಹಿಂದಿನ ದಿನ ಯಾರೋ ಪೈಪು ಹಾಕಲು ರಸ್ತೆಯಂಚು ಅಗೆದು ಮಣ್ಣು ಮುಚ್ಚಿದ್ದರು. ಎಡಗಡೆಯ ಹಿಂದಿನ ಚಕ್ರ ಕುಸಿಯಿತು. ಬಸ್ಸು ವಾಲಿ ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಮೂವತ್ತನಾಲ್ಕು ಜನ ಒಬ್ಬೊಬ್ಬರಾಗಿ ಮುಂದಿನ ಬಾಗಿಲಿಂದ ಇಳಿದರು. ಯಾರಿಗೂ ಗಾಯವಾಗಲಿಲ್ಲ. ಆದರೆ ಆ ಮೇಲೆ ಸ್ಕೂಟರಿನ ಬ್ರೇಕ್ ಒತ್ತಿದರೂ ನನ್ನ ಬಲಗಾಲು ನಡುಗುತ್ತಿತ್ತು.

ಆ ತಿರುವನ್ನು ಬಸಣ್ಣ ನಿಧಾನವಾಗಿ ದಾಟಿದ. ಮರದ ತೊಗಟೆ ಆಳೆತ್ತರದಲ್ಲಿ ಇನ್ನೂ ಸುಲಿದಿತ್ತು. ನಾನು ಪೂರ್ತಿ ನೋಡಿದೆ; ಮುಖ ತಿರುಗಿಸಲಿಲ್ಲ.

ಜಾವಳಿಯಲ್ಲಿ ಸುಶೀಲ ಇಳಿದುಹೋದಳು. ಅಲ್ಲಿಂದ ಮುಂದೆ ಇನ್ನೂ ಕಡಿದಾದ ಇಳಿಜಾರು, ದಟ್ಟ ಮಂಜು. ನಾಲ್ಕನೆಯ ತಿರುವಿನಲ್ಲಿ ಲಾರಿಯೊಂದು ಏರಿ ಬಂತು. ಬಸಣ್ಣ ಬಸ್ಸು ನಿಲ್ಲಿಸಿದ. ಹೇಳುವ ಮೊದಲೇ ಶೇಷಪ್ಪ ಇಳಿದು ಹಿಂದಕ್ಕೆ ಹೋದ.

"ಶುರುವಾಯ್ತು ನೋಡಿ ಇವ್ನ ಪಾದಯಾತ್ರೆ" ಎಂದು ಹಿಂದಿನಿಂದ ಒಬ್ಬರು ಗೊಣಗಿದರು. "ನಡ್ಕೊಂಡೇ ಬಂದಿದ್ರೆ ಇಷ್ಟ್ ಹೊತ್ತಿಗೆ ಕಳಸದಲ್ಲಿ ಊಟಕ್ಕೆ ಕೂತಿರ್ತಿದ್ವಿ."

ನಾನು ಬಸಣ್ಣನಿಗೆ ಹೇಳಿದೆ: "ಹಿಂದೆ ಹಲಸಿನ ಮರದವರೆಗೂ ಗಟ್ಟಿ ನೆಲ. ಧೈರ್ಯವಾಗಿ ಬಿಡಿ."

"ಇರಬೋದಣ್ಣ. ಶೇಷಪ್ಪ ಹೇಳ್ಲಿ, ಬಿಡ್ತೀನಿ."

ಸೀಟಿ ಕೇಳಲೇ ಇಲ್ಲ. ನಾನೂ ಇಳಿದು ಹಿಂದೆ ಹೋದೆ. ಶೇಷಪ್ಪ ರಸ್ತೆಯ ಅಂಚಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ, ಹಿಮ್ಮಡಿಯಿಂದ ನೆಲ ಗುದ್ದುತ್ತಿದ್ದ. ಹಲಸಿನ ಮರಕ್ಕೆ ನಾಲ್ಕಡಿ ಇರುವಾಗ ಅವನ ಕಾಲು ಪಾದದ ಗಂಟಿನವರೆಗೆ ಹೂತಿತು. ಒದ್ದೆ ಎಲೆಗಳನ್ನು ಸರಿಸಿದ. ಅಡಿಯಲ್ಲಿ ಮೋರಿಯ ಕಲ್ಲೊಂದು ಜಾರಿಹೋಗಿ ಹೊಂಡವಾಗಿತ್ತು.

"ಇಲ್ಲಿ ಗಟ್ಟಿ ಇತ್ತಲ್ಲ" ಎಂದೆ.

"ಇತ್ತೇನೋ ಅಣ್ಣ, ನಂಗೊತ್ತಿಲ್ಲ. ಅದಕ್ಕೇ ತುಳಿದು ನೋಡೋದು" ಎಂದು ಚಪ್ಪಲಿಯ ಕೆಸರು ಒರೆಸಿಕೊಂಡ. "ನೀವು ಆ ಕಡೆ ನಿಂತ್ಕೊಳಿ. ಹೊಂಡದಿಂದ ಎರಡು ಮಾರು ಈಚೆಗೇ ನಿಲ್ಸೋಣ."

ನಾನು ಬಲಕ್ಕೆ, ಅವನು ಎಡಕ್ಕೆ. "ಬರ್ಲಿ, ಬರ್ಲಿ... ಹೋಲ್ಡಾನ್!" ಬಸ್ಸು ಅವನು ಹೇಳಿದಲ್ಲೇ ನಿಂತಿತು. ಲಾರಿ ದಾಟಿಹೋಯಿತು. ಹದಿನಾರು ವರ್ಷದಲ್ಲಿ ಆ ನೆಲದ ಮೇಲೆ ನಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ದಾರಿ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿದ್ದದ್ದು ಸೀಟಿನಿಂದ ಕಾಣುವಷ್ಟು. ಇದನ್ನು ಒಪ್ಪಿಕೊಂಡಾಗ ನಾಚಿಕೆಗಿಂತ ಹೆಚ್ಚಾಗಿ ಮೈ ಹಗುರಾಯಿತು. ಮತ್ತೆ ಹತ್ತಿ ಕೂತೆ.

ಕಳಸ ಮುಟ್ಟಿದಾಗ ಹನ್ನೊಂದು ಗಂಟೆ. ಇಪ್ಪತ್ತು ನಿಮಿಷ ತಡ. ಬಿಸಿಲು ಬಂದಿತ್ತು. ಗೌಡರು ಬಸ್‌ಸ್ಟ್ಯಾಂಡಿನೆದುರಿನ ಅಂಗಡಿಯಲ್ಲಿ ಮೆಣಸಿನ ಚೀಲದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಏನ್ ತೀರ್ಮಾನ ಮಾಡ್ದೆ ಮಾರಾಯ?"

"ಸೋಮವಾರದಿಂದ ಓಡಿಸ್ತೀನಿ ಗೌಡ್ರೇ. ಆದ್ರೆ ಕಂಡಕ್ಟರ್ ಶೇಷಪ್ಪನೇ ಬೇಕು."

"ಅವ್ನಾ? ದಿನಾ ಅವ್ನ ಮೇಲೆ ದೂರು! ಹೊರನಾಡಿನ ಟ್ರಿಪ್ಪಿಗೆ ಹಾಕೋಣ ಅಂತಿದ್ದೆ. ಎಂಟು ಕಿಲೋಮೀಟರಲ್ಲಿ ಎಷ್ಟ್ ಸಲ ಇಳೀತಾನೆ, ಇಳೀಲಿ ಅಂತ."

"ನನ್ ಜೊತೆನೇ ಇಳೀಲಿ ಬಿಡಿ."

"ಜನ ಬೈಯೋದು ನಿಂಗೆ."

"ಬೈಸ್ಕೋತೀನಿ."

ಗೌಡರು ನನ್ನ ಕಾಲನ್ನೇ ಒಂದು ಗಳಿಗೆ ನೋಡಿದರು. "ಸರಿ. ಬಸಣ್ಣಂಗೂ ಈ ಮಂಜು ಸಾಕಾಗಿದೆಯಂತೆ, ಕಡೂರಿನ ಬಸ್ಸಿಗೆ ಹಾಕ್ತೀನಿ. ಶೇಷಪ್ಪನ್ನ ಮಾತ್ರ ನೀನೇ ಒಪ್ಸು."

ಶೇಷಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ವಿಷಯ ಹೇಳಿದೆ. ಅವನು ಸಿಪ್ಪೆ ಎಸೆದು ಬಂದು ಕೇಳಿದ:

"ಕಂಡಕ್ಟರ್ ಇಳಿದ್ರೆ ನೀವು ಬೈತೀರಂತಲ್ಲಣ್ಣ?"

"ಬೈತಿದ್ದೆ."

"ಇನ್ಮೇಲೆ?"

"ಇಳೀದಿದ್ರೆ ಬೈತೀನಿ."

"ಹಂಗಾದ್ರೆ ಒಂದ್ ಜೊತೆ ಗಂಬೂಟು ಕೊಡ್ಸಕ್ಕೆ ಹೇಳಿ ಗೌಡ್ರಿಗೆ" ಎಂದ. ಒಪ್ಪಿದ ಹಾಗೆ.

ಮಧ್ಯಾಹ್ನ ಮೂರಕ್ಕೆ ಬಸ್ಸು ವಾಪಸು ಹೊರಟಿತು. ನಾನು ಈ ಸಲ ಕೊನೆಯ ಸೀಟಿಗೆ ಹೋದೆ. ಘಾಟಿ ಏರುವಾಗ ಹಿಂದಿನ ಗಾಜಿನಲ್ಲಿ ಕಳಸದ ಹೆಂಚುಗಳು, ಬಸ್‌ಸ್ಟ್ಯಾಂಡು, ಹೊಳೆಯ ಬಾಗು ಒಂದೊಂದಾಗಿ ಸಣ್ಣವಾದವು. ಡ್ರೈವರ್ ಸೀಟಿನಿಂದ ಇದೆಲ್ಲ ಕಾಣುವುದಿಲ್ಲ. ಸೋಮವಾರದಿಂದ ಮತ್ತೆ ಕಾಣಲಾರದೆಂದು, ತಿರುವು ಬರುವವರೆಗೂ ಹಿಂದೆ ತಿರುಗಿಯೇ ಕೂತಿದ್ದೆ.